ಪುಟ್ಟಸಿದ್ದಮ್ಮನ ಎಡಗೈ

“ಒಳೀಕೆ ಬಾ ಕಾಂತರಾಜ. ನಿಮ್ಮತ್ತೆ ಕಣಪ್ಪ. ಸತ್ತೋರೇನು ಕಚ್ಚಕಿಲ್ಲ.”

ಕಾಂತರಾಜು ಬರಲಿಲ್ಲ. ಗುಡಿಸಲ ಮುಂದಿನ ನುಗ್ಗೆಮರದ ಕೆಳಗೆ ಬೈಕು ನಿಲ್ಲಿಸಿ, ಅದರ ಸೀಟಿನ ಮೇಲೆ ಒಂದು ಕೈ ಊರಿಕೊಂಡೇ ನಿಂತಿದ್ದ, ಯಾವ ಗಳಿಗೆಯಲ್ಲಾದರೂ ಹೊರಟುಬಿಡುವವನಂತೆ. ಒಳಗೆ ವಿಮಲಮ್ಮ ಬಿಳಿ ಬೆಡ್‌ಶೀಟಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಪರ್ರನೆ ಸೀಳಿದಳು. ಒಂದು ಪಟ್ಟಿಯಿಂದ ಪುಟ್ಟಸಿದ್ದಮ್ಮನ ದವಡೆಯನ್ನು ಎತ್ತಿ ಕಟ್ಟಿದಳು. ಇನ್ನೊಂದರಿಂದ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಗಂಟು ಹಾಕಿದಳು. ಶೀಟು ಕಬಿನಿ ಹಿನ್ನೀರಿನ ದಂಡೆಯ ರೆಸಾರ್ಟಿನದು. ಅಲ್ಲಿಯ ಲಾಂಡ್ರಿಯಲ್ಲಿ ವಿಮಲಮ್ಮನಿಗೆ ಕೆಲಸ. ಕಲೆ ಬಿದ್ದದ್ದು, ನೂಲು ಬಿಟ್ಟದ್ದು ಎಂದು ಎಸೆಯುವ ಶೀಟುಗಳನ್ನು ಕೇಳಿ ತಂದು, ಬಿಸಿನೀರಲ್ಲಿ ಅದ್ದಿ ಒಗೆದು, ಈ ಮುದುಕಿಯ ಮೈಕೆಳಗೆ ಹಾಸುತ್ತಿದ್ದಳು. ಎಲ್ಲೆಲ್ಲಿಂದಲೋ ಹುಲಿ ನೋಡಲು ಬಂದವರು ಮಲಗೆದ್ದ ಶೀಟಿನ ಮೇಲೆ ನೇರಳೆಹುಂಡಿಯ ಪುಟ್ಟಸಿದ್ದಮ್ಮ ಮೂರು ವರ್ಷ ಮಲಗಿ, ಈ ಬೆಳಗಿನ ಜಾವ ಅದರ ಮೇಲೆಯೇ ಉಸಿರು ಬಿಟ್ಟಿದ್ದಳು. ಎಂದಿನಂತೆ ಕೆಲಸಕ್ಕೆ ಹೋಗುವ ಮುಂಚೆ ಮೈ ಒರೆಸಲು ಬಂದ ವಿಮಲಮ್ಮನಿಗೆ ಸಿಕ್ಕಿದ್ದು ತಣ್ಣಗಾದ ಹಣೆ.

“ಎಷ್ಟೊತ್ಗೆ ಗುಂಡಿ ತೋಡುಸ್ತೀಯ ಏಳು. ಬಿಸ್ಲು ಏರ್ತಾ ಅದೆ. ಮಧ್ಯಾನ ದಾಟುದ್ರೆ ಇಟ್ಕಳಾಕಾಗಕಿಲ್ಲ.”

“ಗುಂಡಿ ನಾವ್ ತೋಡಕಿಲ್ಲ ಕಣಕ್ಕ.”

ಹೆಬ್ಬೆರಳಿನ ಗಂಟಿನ ಮೇಲೆ ವಿಮಲಮ್ಮನ ಕೈ ನಿಂತಿತು.

“ಏನಂದೆ?”

“ನಮ್ ಮಸಾಣದಾಗೆ ಜಾಗ ಇಲ್ಲ ಅಂದೆ. ನಾನೊಬ್ನೇ ಅಲ್ಲ, ನಮ್ ಬೀದಿ ಯಜಮಾನ ಮಾದಯ್ಯಣ್ಣನೂ ಅದ್ನೇ ಏಳವ್ರೆ. ನಿಮ್ಮೋರ್ನ ನೀವೇ ಇಟ್ಕಳಿ.”

“ನಮ್ಮೋರಾ?”

ಅವನು ಬೈಕಿನ ಚೀಲದಿಂದ ಸುರುಳಿ ಸುತ್ತಿದ ಕಾಗದ ತೆಗೆದು ಒದರಿ ಬಿಡಿಸಿದ. ವಿಮಲಮ್ಮನಿಗೆ ಅದು ಹತ್ತಿರ ಹೋಗಿ ನೋಡಬೇಕಾದ್ದೇನೂ ಆಗಿರಲಿಲ್ಲ. ಚರ್ಚಿನ ಕ್ಯಾಲೆಂಡರ್. ಕ್ರಿಸ್‌ಮಸ್ ಪೂಜೆ ಮುಗಿದ ಮೇಲೆ ಮನೆಗೊಂದರಂತೆ ಹಂಚಿದ್ದು. ಅವಳ ಮನೆಯಲ್ಲೂ ಇತ್ತು, ಆದರೆ ಅವಳು ಮಾರ್ಚ್ ತಿಂಗಳಿಗೆ ಹಾಳೆ ತಿರುಗಿಸಿರಲಿಲ್ಲ. ಫೆಬ್ರವರಿಯನ್ನೇ ಹಾಗೇ ಬಿಟ್ಟಿದ್ದಳು. ಉಳಿದವರು ಯಾಕೆ ಬಿಟ್ಟಾರು? ಅಂತರಸಂತೆ ರಸ್ತೆಯ ಟೀ ಅಂಗಡಿಯ ಗೋಡೆಯ ಮೇಲೂ ಮೊನ್ನೆ ಹಾಳೆ ತಿರುಗಿತು. ಟೀ ಕುಡಿಯಲು ಹೋದ ಕಾಂತರಾಜು ತಲೆ ಎತ್ತಿದರೆ ಗೋಡೆಯ ಮೇಲೆ ಅವನ ಸೋದರತ್ತೆ.

ಚಿತ್ರದಲ್ಲಿ ಪುಟ್ಟಸಿದ್ದಮ್ಮ ಗೋಡೆಗೆ ಒರಗಿ ಕೂತಿದ್ದಳು. ಹೆಗಲ ಮೇಲೆ ಮಡಿಕೆ ಬಿಡದ ಹೊಸ ಕಂಬಳಿ. ಪಕ್ಕದಲ್ಲಿ ಮಂಡಿಯೂರಿ ನಗುತ್ತಿರುವ ಹೊಸ ಫಾದರ್. ಮುದುಕಿಯ ಹಣೆಯ ಮೇಲೆ ಏನೂ ಇಲ್ಲ, ಸಾಬೂನು ಹಾಕಿ ಉಜ್ಜಿದ ಹಾಗೆ ಬೋಳು. ಎಡಗೈಯ ಮುಷ್ಟಿಯಲ್ಲಿ ಜಪಸರ, ಅದರ ತುದಿಯ ಶಿಲುಬೆ ಚೆನ್ನಾಗಿ ಕಾಣುವಂತೆ ಕಂಬಳಿಯ ಮೇಲೆ ಬಿದ್ದಿತ್ತು. ಕೆಳಗೆ ಕೆಂಪು ಅಕ್ಷರದಲ್ಲಿ: ಯಾರೂ ಇಲ್ಲದವರಿಗೆ ನಾವಿದ್ದೇವೆ.

“ಯಾರೂ ಇಲ್ದೋಳಂತೆ,” ಅಂದ ಕಾಂತರಾಜು. “ನಾನೇನ್ ಸತ್ತೋಗಿದ್ನಾ? ಟೀ ಅಂಗ್ಡೀಲಿ ಅಷ್ಟು ಜನದ್ ಎದ್ರುಗೆ ಚೆಲುವರಾಜ ಓದಿ ಏಳುದ್ನಲ್ಲ, ನಗಾಡ್ಕಂಡು. ‘ನಿಮ್ಮತ್ತೆಗೆ ಯಾರೂ ಇಲ್ವಂತಲ್ಲೋ’ ಅಂದ.”

“ಇದ್ಯಲ್ಲ, ಒಂದಿನ ಬಂದು ಒಂದ್ಲೋಟ ನೀರು ಕೊಟ್ಟಿದ್ದ್ಯಾ? ಮಗ್ಗುಲು ತಿರುಗಿಸಿದ್ದ್ಯಾ? ಬೆನ್ನು ಹುಣ್ಣಾಗಿ ಹುಳ ಬೀಳಂಗಾಗಿತ್ತಲ್ಲ, ಆವಾಗ ಎಲ್ಲಿದ್ದೆ?”

“ಬರ್ನಿಲ್ಲ. ಸರಿ. ತೆಪ್ಪೇ. ಅದ್ಕೇ ನಮ್ ಮಣ್ಣಿಗೆ ಇಲ್ದಂಗೆ ನಿಮ್ ಜಾತಿಗೆ ಸೇರುಸ್ಕಬುಡದಾ?” ಅವನು ಕ್ಯಾಲೆಂಡರನ್ನು ಅಂಗಳಕ್ಕೆ ಬಿಸಾಕಿ ಬೈಕು ಒದ್ದ. “ಸರ ಇಡ್ಕಂಡೋಳು ನಿಮ್ಮೋಳು. ಒತ್ಕಂಡೋಗಿ.”

ನಮ್ಮ ಜಾತಿಗೆ! ವಿಮಲಮ್ಮನಿಗೆ ನೆತ್ತಿ ಕಾದ ಕಾವಲಿಯಂತಾಯಿತು. ಶೀಟನ್ನು ಕತ್ತಿನವರೆಗೆ ಹೊದಿಸಿ, ನಾಯಿ ಬರದಂತೆ ತಡಿಕೆ ಎಳೆದು, ಚರ್ಚಿನ ಕಡೆಗೆ ಹೆಜ್ಜೆ ಹಾಕಿದಳು. ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಲಾಂಡ್ರಿಯ ಸೂಪರ್‌ವೈಸರು. ಭಾನುವಾರ ತುಂಬಿದ್ದ ರೂಮುಗಳೆಲ್ಲ ಖಾಲಿಯಾಗಿ ಶೀಟಿನ ರಾಶಿ ಆಳೆತ್ತರ ಬಿದ್ದಿರುತ್ತದೆ. ಬೀಳಲಿ. ಮನೆಯಲ್ಲಿ ಮಗಳಿಗೆ ಪಿಯುಸಿ ಪರೀಕ್ಷೆ. ಬೆಳಿಗ್ಗೆ ಅವಳಿಗೊಂದು ತುತ್ತು ಅನ್ನವನ್ನೂ ಕಟ್ಟಿರಲಿಲ್ಲ. ಅವಳೇ ಏನಾದರೂ ಮಾಡಿಕೊಂಡಿರುತ್ತಾಳೆ. ಇಂಥ ಬೆಳಗುಗಳು ಆ ಹುಡುಗಿಗೆ ಹೊಸದಲ್ಲ.

ಇದೆಲ್ಲ ಶುರುವಾದದ್ದು ಹಿಂದಿದ್ದ ಮುದಿ ಫಾದರ್ ಕಾಲದಲ್ಲಿ. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲದ ಮೊದಲ ಭಾನುವಾರ ಅವರು ಹೇಳಿದ್ದರು: “ಈ ಸಲ ಯಾರೂ ಮೀನು ಬಿಡಬೇಡಿ, ಮಾಂಸ ಬಿಡಬೇಡಿ. ಬಿಡೋದು ಸುಲಭ. ಬದಲಿಗೆ ಒಂದೊಂದು ಮನೆಯವರು ಕೈಲಾಗದ ಒಬ್ಬೊಬ್ಬರನ್ನ ಹಿಡಕೊಳ್ಳಿ. ನಮ್ಮವರೇ ಆಗಬೇಕು ಅಂತಿಲ್ಲ.” ಜನ ಹುರುಪಿನಿಂದ ಹಿಡಿದುಕೊಂಡರು. ಚರ್ಚು ಬೀದಿಯಿಂದ ಎಲ್ಲ ಬೀದಿಗಳಿಗೂ ತಟ್ಟೆ ಮುಚ್ಚಿಕೊಂಡು ಹೆಂಗಸರು ಓಡಾಡಿದ್ದೇ ಓಡಾಡಿದ್ದು. ವಿಮಲಮ್ಮನಿಗೆ ಬಂದವಳು ಲಕ್ವ ಹೊಡೆದು ಎಡಮೈ ಪೂರಾ ಬಿದ್ದುಹೋಗಿದ್ದ ಪುಟ್ಟಸಿದ್ದಮ್ಮ. ಈಸ್ಟರ್ ಬಂತು, ಘಂಟೆ ಹೊಡೆಯಿತು, ಎಲ್ಲರ ಮನೆಯಲ್ಲೂ ಕೋಳಿ ಬೆಂದಿತು, ತಟ್ಟೆಗಳು ನಿಂತವು. ಆದರೆ ಈಸ್ಟರ್ ಆದ ಮಾರನೆಯ ದಿನವೂ ಮುದುಕಿಗೆ ಹಸಿವಾಯಿತು. ವಿಮಲಮ್ಮ ಹೋದಳು. ಅದರ ಮಾರನೆಯ ದಿನವೂ ಹೋದಳು. ಅದನ್ನು ಸೇವೆ ಎಂದು ಅವಳು ಕರೆದದ್ದಿಲ್ಲ. ನಿಲ್ಲಿಸುವುದಕ್ಕೆ ಒಂದು ಕಾರಣ ಸಿಕ್ಕಿರಲಿಲ್ಲ, ಅಷ್ಟೆ.

ಚರ್ಚಿನ ಆಫೀಸಿನಲ್ಲಿ ಫಾದರ್ ಜೊತೆ ಚೌರಪ್ಪ ಕೂತಿದ್ದ. ಗೊಬ್ಬರದ ಅಂಗಡಿ ಚೌರಪ್ಪ. ಚರ್ಚಿನ ಸೇವಾ ಸಂಘಕ್ಕೆ ಅವನೇ ಕಾರ್ಯದರ್ಶಿ, ಕ್ಯಾಲೆಂಡರ್ ಅಚ್ಚು ಹಾಕಿಸಿದವನೂ ಅವನೇ. ಸುದ್ದಿ ಇವಳಿಗಿಂತ ಮುಂಚೆ ಬಂದು ಕೂತಿತ್ತು.

“ಕೂತ್ಕೊಳ್ಳಿ ವಿಮಲಮ್ಮ,” ಅಂದರು ಫಾದರ್. ಮಡಿಕೇರಿ ಕಡೆಯವರು, ಇನ್ನೂ ಮೂವತ್ತೈದು ದಾಟದವರು, ಬಂದು ವರ್ಷವಾಗಿರಲಿಲ್ಲ. ಮೆತ್ತಗಿನ ಪುಸ್ತಕದ ಮಾತು. “ಬಹಳ ಬೇಸರವಾಯಿತು. ಒಳ್ಳೆಯ ತಾಯಿ. ಒಂದು ಮಾತು ಕೇಳುತ್ತೇನೆ, ಯೋಚಿಸಿ ಹೇಳಿ. ಕೊನೆಗಳಿಗೆಯಲ್ಲಿ ನೀವು ಆಕೆಯ ತಲೆಗೆ ನೀರು ಹಾಕಿ ದೀಕ್ಷಾಸ್ನಾನ ಕೊಟ್ಟಿರಾ? ಪ್ರಾಣ ಹೋಗುವ ಹೊತ್ತಿನಲ್ಲಿ ಗುರುಗಳೇ ಬೇಕೆಂದಿಲ್ಲ, ಯಾರು ಬೇಕಾದರೂ ಕೊಡಬಹುದು. ನಿಮಗೆ ಗೊತ್ತಲ್ಲ.”

“ನಾನು ಓಗೋವೊತ್ಗೆ ಪ್ರಾಣ ಓಗಿತ್ತು ಫಾದರ್.”

“ಪೂರ್ತಿ ಹೋಗಿತ್ತಾ? ಅಥವಾ ಸ್ವಲ್ಪ ಉಸಿರು…”

ಚೌರಪ್ಪ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. “ಹೂಂ ಅನ್ನಮ್ಮ ಅತ್ಲಾಗೆ. ಅಲ್ಲಿದ್ದೋಳು ನೀನೊಬ್ಳೇ. ನೀನು ಹೂಂ ಅಂದ್ರೆ ಇಲ್ಲಾಂತ ಸಾಕ್ಷಿ ಏಳೋಕೆ ಯಾವನ್ ಬತ್ತಾನೆ? ಬೇವಿನ ಮರದ ಮಗ್ಗುಲಾಗೆ ಜಾಗ ಅದೆ, ನಾನೇ ಗುಂಡಿ ತೆಗಿಸ್ತೀನಿ. ಪೆಟ್ಟಿಗೆ ತರುಸ್ತೀನಿ. ಘಂಟೆ ಹೊಡೆಸ್ತೀನಿ. ಅವ್ರ ಬೀದಿಯೋರು ನಾಯೀಗೆಸೆದಂಗೆ ಎಸೆದ್ರಲ್ಲ, ನಾವು ರಾಣಿ ಕಳುಸ್ದಂಗೆ ಕಳುಸ್ಬೌದು.”

ಒಂದೇ ಒಂದು ಹೂಂ. ವಿಮಲಮ್ಮನ ಬಾಯಿ ಅರ್ಧ ತೆರೆಯಿತು ಕೂಡ. ಕಿಟಕಿಯಾಚೆ ಬಿಸಿಲು ಆಗಲೇ ಹೆಂಚಿನ ಮೇಲೆ ಝಳಝಳಿಸುತ್ತಿತ್ತು. ಗುಡಿಸಲಲ್ಲಿ ನೊಣ ಮುತ್ತಿರುತ್ತದೆ. ಹೂಂ ಅಂದರೆ ಇನ್ನು ಎರಡು ತಾಸಿನಲ್ಲಿ ಎಲ್ಲ ಮುಗಿದು, ತಾನು ಮಧ್ಯಾಹ್ನದ ಪಾಳಿಗಾದರೂ ಓಡಬಹುದು. ದೇವರು ಇಷ್ಟಕ್ಕೆಲ್ಲ ಲೆಕ್ಕ ಇಡುವವನಲ್ಲ ಎಂದೂ ಅವಳಿಗೆ ಗೊತ್ತಿತ್ತು.

ಆದರೆ ಮೊದಲ ದಿನ ಮುಖ ತೊಳೆಸಿದ ಮೇಲೆ ಮುದುಕಿ ಬಲಗೈ ಎತ್ತಿ ಗೂಡು ತೋರಿಸಿದ್ದಳು. ಗೂಡಿನಲ್ಲೊಂದು ಹಳೆಯ ಪೌಡರ್ ಡಬ್ಬಿ, ಅದರ ತುಂಬ ಮಾದಪ್ಪನ ಬೆಟ್ಟದಿಂದ ತಂದ ವಿಭೂತಿ, ಧೂಳ್ತ. ವಿಮಲಮ್ಮನ ಬೆರಳು ಅಳುಕಿತ್ತು. ಬೆಳಗೆದ್ದು ತನ್ನ ಹಣೆಗೆ ಶಿಲುಬೆಯ ಗುರುತು ಹಾಕಿಕೊಂಡ ಬೆರಳು ಅದು. ಮುದುಕಿ ಕಣ್ಣು ಮುಚ್ಚಿಕೊಂಡು ಹಣೆ ಮುಂದೆ ಮಾಡಿ ಕಾಯುತ್ತಿದ್ದಳು, ಎಳೆಕೂಸು ತುತ್ತಿಗೆ ಬಾಯಿ ತೆರೆದ ಹಾಗೆ. ಎಳೆದಳು, ಮೂರು ಗೆರೆ. ಆ ಭಾನುವಾರ ಹೋಗಿ ಮುದಿ ಫಾದರ್‌ಗೆ ಹೇಳಿಕೊಂಡಾಗ ಅವರು ನಕ್ಕುಬಿಟ್ಟಿದ್ದರು. “ಅವಳ ಹಣೆ, ಅವಳ ದೇವರು. ನಿನ್ನ ಕೆಲಸ ಮುಖ ತೊಳೆಸೋದು. ತೊಳೆಸು.” ಅಂದಿನಿಂದ ಒಂದು ದಿನವೂ ತಪ್ಪಿರಲಿಲ್ಲ. ಕ್ಯಾಲೆಂಡರ್ ಬಂದ ಮೇಲೊಮ್ಮೆ ಮುದುಕಿ ತೊದಲುತ್ತ ಕೇಳಿದ್ದಳು: “ನಿಮ್ ಸ್ವಾಮ್ಯೋರು ನನ್ನ ಸೇರುಸ್ಕಬುಡ್ತಾರಾ ಮಗಾ?” “ನಾನಿರಗಂಟ ಇಲ್ಲ ಕಣವ್ವ,” ಎಂದಿದ್ದಳು ಇವಳು. ಹಾಗೆಂದ ಬಾಯಿ ಇದೇ.

“ಇಲ್ಲ ಫಾದರ್. ಕೊಟ್ಟಿಲ್ಲ.”

ಚೌರಪ್ಪ ತೊಡೆ ಬಡಿದುಕೊಂಡ. ಫಾದರ್ ಕನ್ನಡಕ ತೆಗೆದು ಒರೆಸಿಕೊಂಡರು.

“ಹಾಗಾದರೆ ಬಿಷಪ್ ಹೌಸಿಗೆ ಕೇಳಬೇಕಾಗುತ್ತದೆ. ಅವರು ಹೂಂ ಅಂದರೂ ಈಗಿನ ಕಾಲ ನಿಮಗೆ ಗೊತ್ತು. ಮತಾಂತರ ಅಂತ ನಾಳೆ ಯಾರಾದರೂ ಠಾಣೆಗೆ ಹೋದರೆ… ನನ್ನ ಕೈ ಕಟ್ಟಿಹಾಕಿದ ಹಾಗಾಗಿದೆ.” ಸ್ವಲ್ಪ ತಡೆದು, ತಮಗೆ ತಾವೇ ಸಮಾಧಾನ ಹೇಳಿಕೊಳ್ಳುವವರಂತೆ ಅಂದರು: “ಆದರೂ ಆಕೆ ಮನಸ್ಸಿನಲ್ಲಿ ನಂಬಿದ್ದರು ವಿಮಲಮ್ಮ. ಅದು ನನಗೆ ಗೊತ್ತು. ಆ ದಿನ ಜಪಸರ ಕೈಗಿಟ್ಟಾಗ ಎಷ್ಟು ಬಿಗಿಯಾಗಿ ಹಿಡಿದುಕೊಂಡರು! ಫೋಟೋ ಆದ ಮೇಲೆ ತೆಗೆಯಲು ಹೋದರೂ ಬಿಡಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು.”

ಇದೇ ಮಾತನ್ನು ಅವರು ಕ್ರಿಸ್‌ಮಸ್ ಪ್ರವಚನದಲ್ಲೂ ಹೇಳಿದ್ದರು. ಹೆಂಗಸರೆಲ್ಲ ಸೆರಗಿನಿಂದ ಕಣ್ಣೊತ್ತಿಕೊಂಡಿದ್ದರು. ಕಡೇ ಸಾಲಿನಲ್ಲಿ ಕೂತಿದ್ದ ವಿಮಲಮ್ಮ ಮಾತ್ರ ಸೆರಗು ಮುಟ್ಟಿರಲಿಲ್ಲ. ಫೋಟೋ ತೆಗೆದ ದಿನ ಅವಳು ಲಾಂಡ್ರಿಯಲ್ಲಿದ್ದಳು. ಸಂಜೆ ಬಂದು ನೋಡಿದರೆ ಮುದುಕಿಯ ಮುಷ್ಟಿಯಿಂದ ಜಪಸರ ನೇತಾಡುತ್ತಿತ್ತು, ಹಣೆಯ ಧೂಳ್ತ ಯಾರೋ ಒರೆಸಿದ್ದರು.

ಈಗ ಅವಳು ಎದ್ದು ನಿಂತಳು. ಬಡವರ ಮನೆಯ ಹೆಂಗಸು ಫಾದರ್ ಎದುರು ಎತ್ತಬಾರದ ದನಿ ಎದ್ದೇಬಿಟ್ಟಿತು.

“ಅದು ಬಿದ್ದೋದ ಕೈ ಫಾದರ್!”

“ಏನು?”

“ಎಡಗೈ. ಲಕ್ವ ಹೊಡ್ದ ಕೈ. ಮುಷ್ಟಿ ಸೆಟ್ಕಂಡು ಕಲ್ಲಾಗಿತ್ತು. ಬುಡಾಕೆ ಅವ್ಳ ಕೈಲಿ ಆದ್ರೆ ತಾನೆ ಬುಡೋದು? ಬೆರಳು ಅಂಗೈಗೆ ಊತ್ಕಂಡು ಉಗುರು ನಾಟ್ಕಂಡು ಕೀವಾಗ್ತಿತ್ತು. ದಿನಾ ಬೆಳಿಗ್ಗೆ ಕಿರುಬೆಳ್ಳಿಂದ ಸುರು ಮಾಡಿ ಒಂದೊಂದೇ ಬುಡ್ಸಿ, ತೊಳ್ದು, ಒರ್ಸಿ, ಬಟ್ಟೆ ಸುರುಳಿ ಇಟ್ಟು ಮತ್ತೆ ಮುಚ್ತಿದ್ದೆ. ಬೆಳ್ಳು ಬುಡ್ಸೋವಾಗ ಅಯ್ಯೋ ಅಂತ ಕೂಗೋಳು. ನೀವು ಆ ಸುರುಳಿ ಕಿತ್ತಾಕಿ ಸರ ತುರುಕಿದ್ರಿ. ಭಕ್ತಿಯಂತೆ! ನಾನು ಸಂಜೆ ಬಂದು ಮಣಿ ಮಣಿ ಎಳ್ದು ತೆಗ್ದೆ. ಅಂಗೈ ತುಂಬ ಮಣಿ ಅಚ್ಚು.”

ಫಾದರ್ ಒರೆಸಿದ ಕನ್ನಡಕವನ್ನು ಮತ್ತೆ ಹಾಕಿಕೊಂಡರು.

“ನನಗೆ ಯಾಕೆ ಹೇಳಲಿಲ್ಲ?” ಫಾದರ್ ದನಿ ಕೇಳಿಸಿಯೂ ಕೇಳಿಸದ ಹಾಗಿತ್ತು.

“ಇವ್ರಿಗೇಳ್ದೆ. ಕ್ರಿಸ್‌ಮಸ್ ರಾತ್ರೀನೇ ಏಳ್ದೆ. ಫಾದರ್ ಹೊಸಬ್ರು, ಮನಸ್ಸು ನೋಯ್ತದೆ, ಸುಮ್ಕಿರು ಅಂದ್ರು.”

ಫಾದರ್ ಚೌರಪ್ಪನ ಕಡೆ ತಿರುಗಿದರು. ಚೌರಪ್ಪ ಗೋಡೆಯ ಕಡೆ ತಿರುಗಿದ. ಗೋಡೆಯ ಮೇಲೆ ಮಾರ್ಚ್ ತಿಂಗಳಿತ್ತು.

“ನಿಮ್ಮ ಕೈ ಕಟ್ಟದೆ ಅಂದ್ರಲ್ಲ,” ಅಂದಳು ವಿಮಲಮ್ಮ. “ಅವ್ಳ ಕೈಗೆ ಸರ ಸುತ್ತೋವಾಗ ಬಿಷಪ್ಪನ್ನ ಕೇಳಿದ್ರಾ? ಫೋಟೋಗೆ ನಿಮ್ಮೋಳು, ಗುಂಡಿಗೆ ಅವ್ರೋಳಾ?”

ಗೋಡೆಯಿಂದ ಕ್ಯಾಲೆಂಡರನ್ನು ಮೊಳೆಸಮೇತ ಕಿತ್ತುಕೊಂಡು ಅವಳು ಹೊರಬಿದ್ದಳು.

ದೊಡ್ಡಮಾದಯ್ಯನ ಮನೆ ಪುಟ್ಟಸಿದ್ದಮ್ಮನ ಬೀದಿಯಲ್ಲಿ ಮೊದಲನೆಯದು. ಆ ಬೀದಿಯಲ್ಲಿ ಹುಟ್ಟು ಸಾವು, ಮದುವೆ, ಜಗಳ ಯಾವುದೂ ಅವನ ಮಾತಿಲ್ಲದೆ ಮುಗಿಯುವುದಿಲ್ಲ. ಜಗಲಿಯ ಮೇಲೆ ಎಲೆಅಡಿಕೆ ಚೀಲ ಬಿಚ್ಚಿಕೊಂಡು ಕೂತಿದ್ದ. ಕೆಳಗೆ ಕಾಂತರಾಜು ಮತ್ತೆ ಒಂದಷ್ಟು ಗಂಡಸರು. ಬಾಗಿಲ ಸಂದಿಯಲ್ಲಿ ಹೆಂಗಸರು. ಎಲ್ಲರ ಎದುರು ವಿಮಲಮ್ಮ ಕ್ಯಾಲೆಂಡರನ್ನು ಜಗಲಿಯ ಮೇಲೆ ಹಾಸಿ, ಗಾಳಿಗೆ ಏಳದ ಹಾಗೆ ಅವನ ಅಡಕತ್ತರಿಯನ್ನೇ ಎತ್ತಿ ಅದರ ಮೇಲಿಟ್ಟಳು.

“ನೋಡಿದ್ದೀವಿ ಬುಡವ್ವ,” ಅಂದ ದೊಡ್ಡಮಾದಯ್ಯ.

“ನೋಡಿಲ್ಲ ಮಾದಯ್ಯಣ್ಣ. ನೀವ್ಯಾರೂ ನೋಡಿಲ್ಲ. ಅಕ್ಷರ ಓದುಸ್ಕಂಡಿದ್ದೀರಿ, ಅಷ್ಟೇಯ. ಸರ ಯಾವ್ ಕೈಯಾಗದೆ?”

ಮುದುಕ ಕಣ್ಣು ಕಿರಿದು ಮಾಡಿ ಬಗ್ಗಿದ. ಹೆಬ್ಬೆರಳನ್ನು ಚಿತ್ರದ ಮೇಲೆ ಒತ್ತಿದ. ಒಮ್ಮೆ ತನ್ನ ಬಲಗೈ ನೋಡಿಕೊಂಡ, ಒಮ್ಮೆ ಎಡಗೈ.

“ಎಡಗೈ,” ಅಂದ.

“ನಿಮ್ ಒಲದಾಗೆ ಎಷ್ಟು ವರ್ಷ ರಾಗಿ ಕೊಯ್ದವ್ಳೆ ಅವ್ಳು? ಯಾವ್ ಕೈಲಿ ಕೊಯ್ತಿದ್ಲು?”

ಬಾಗಿಲ ಸಂದಿಯಿಂದ ಯಾರೋ ಹೆಂಗಸು ನಕ್ಕಂತಾಯಿತು. ನೆನಪಾಗದವರು ಅಲ್ಲಿ ಯಾರಿದ್ದರು? ಎಡಚಿ ಪುಟ್ಟಿ. ಕೊಯ್ಲಿನ ಸಾಲಿನಲ್ಲಿ ಅವಳನ್ನು ಯಾವಾಗಲೂ ಎಡತುದಿಗೇ ನಿಲ್ಲಿಸಬೇಕಿತ್ತು, ನಡುವೆ ನಿಂತರೆ ಅವಳ ಕುಡುಗೋಲು ಪಕ್ಕದವರ ಕುಡುಗೋಲಿಗೆ ಬಡಿಯುತ್ತಿತ್ತು. ಅರ್ಧ ಊರಿನ ಕಳೆ ಕಿತ್ತ ಆ ಎಡಗೈಯನ್ನೇ ಲಕ್ವ ಹುಡುಕಿಕೊಂಡು ಬಂದು ಹೊಡೆದಾಗ ಇದೇ ಜಗಲಿಯ ಮೇಲೆ ಇದೇ ಮುದುಕ ಲೊಚಗುಟ್ಟಿದ್ದ.

“ಲೇ ಕಾಂತರಾಜ,” ಅಂದ ದೊಡ್ಡಮಾದಯ್ಯ. “ಬಾ ಇಲ್ಲಿ. ಇವ್ಳು ಇಡ್ಕಂಡಿಲ್ಲ ಕಣ್ಲಾ. ಇಡ್ಕಳಾಕೆ ಆ ಕೈಲಿ ಏನಿತ್ತು? ತುರ್ಕವ್ರೆ.”

“ತುರ್ಕ್ದೋರ್ಯಾರು? ಈ ಯಮ್ಮ ಏಳುದ್ರೆ ಮುಗೀತಾ? ಇವ್ರೂ ಅವ್ರೋರೇ ಅಲ್ವಾ? ತುರ್ಕ್ದೋರು ಬಂದು ಇಲ್ಲಿ ನಿಂತ್ಕಂಡು ಏಳ್ಲಿ.”

“ಅದೂ ನಿಜವೇ,” ಅಂದ ಇನ್ನೊಬ್ಬ.

“ಏಳ್ಲಿ, ಏಳ್ಲಿ,” ಅಂದರು ಒಂದಿಬ್ಬರು.

ವಿಮಲಮ್ಮನಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟೇ. “ಅಲ್ಲಿ ಹೆಣದ ಮ್ಯಾಲೆ ನೊಣ ಕುಂತದೆ. ಅಲ್ಲಿಗೋದ್ರೆ ನೀರಾಕ್ದ್ಯಾ ಅಂತಾರೆ, ಇಲ್ಲಿಗ್ ಬಂದ್ರೆ ಸರ ಆಕ್ದೋರು ಯಾರು ಅಂತೀರಿ. ಮೂರೊರ್ಸ ಅವ್ಳ ಹೇಲುಚ್ಚೆ ಬಾಚುದ್ನಲ್ಲ, ಆವಾಗ ಒಬ್ರಾದ್ರೂ ಕೇಳುದ್ರಾ, ಬಾಚೋರು ಯಾವ್ ಜಾತಿ ಅಂತ?”

ದೊಡ್ಡಮಾದಯ್ಯ ಸುಣ್ಣದ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದ.

ಅಷ್ಟರಲ್ಲಿ ಬೀದಿಯ ಬಾಯಲ್ಲಿ ಬೈಕು ನಿಂತ ಸದ್ದಾಯಿತು. ಫಾದರ್ ಒಬ್ಬರೇ ಬಂದಿದ್ದರು. ಬಿಳಿ ನಿಲುವಂಗಿ ಹಾಕಿರಲಿಲ್ಲ. ಮನೆಯಲ್ಲಿ ತೊಡುವ ಚೌಕುಳಿ ಅಂಗಿಯಲ್ಲಿ ಯಾವುದೋ ಕಾಲೇಜಿನ ಮೇಷ್ಟರ ಹಾಗೆ ಕಾಣುತ್ತಿದ್ದರು. ಕೂತ ಗಂಡಸರು ಏಳಲಿಲ್ಲ. ಚಪ್ಪಲಿ ಬಿಟ್ಟು ಕಾದ ನೆಲದ ಮೇಲೆ ಕಾಲು ಬದಲಿಸುತ್ತ ಜಗಲಿಯವರೆಗೆ ಬಂದರು.

“ಜಪಸರ ಇಟ್ಟವನು ನಾನು,” ಅಂದರು. “ಆ ತಾಯಿ ಕೇಳಿರಲಿಲ್ಲ. ಆ ಕೈಗೆ ಶಕ್ತಿ ಇಲ್ಲ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲೂ ಇಲ್ಲ. ಮುಷ್ಟಿ ಬಿಗಿದದ್ದನ್ನು ನೋಡಿ ಭಕ್ತಿ ಅಂದುಕೊಂಡೆ. ಹಣೆಯ ವಿಭೂತಿ ಒರೆಸಿದ್ದನ್ನು ನೋಡಿಯೂ ಸುಮ್ಮನಿದ್ದೆ. ನೂರಾರು ಜನರ ಎದುರು ಸುಳ್ಳು ಕಥೆ ಹೇಳಿದ ಹಾಗಾಯಿತು. ಆಕೆ ನಮ್ಮವರಾಗಿರಲಿಲ್ಲ. ಕೊನೆಯವರೆಗೂ ನಿಮ್ಮವರೇ.” ಆಮೇಲೆ ಕಾಂತರಾಜುವಿನ ಕಡೆ ತಿರುಗಿದರು. “ಯಾರೂ ಇಲ್ಲದವರು ಅಂತ ಅಚ್ಚು ಹಾಕಿಸಿದ್ದೂ ತಪ್ಪು. ನಿಮ್ಮನ್ನು ನೋಯಿಸಿತು. ಕ್ಷಮಿಸಿ.”

ಜಗಳಕ್ಕೆ ಹಲ್ಲು ಕಚ್ಚಿ ನಿಂತಿದ್ದ ಕಾಂತರಾಜುವಿಗೆ ಈಗ ಹಲ್ಲು ಎಲ್ಲಿಡಬೇಕೋ ತಿಳಿಯಲಿಲ್ಲ. ಅಂಗಿಯ ತೋಳು ಮಡಿಸಿದ, ಇಳಿಸಿದ. “ಅಂಗೇನಿಲ್ಲ ಬುಡಿ ಸ್ವಾಮಿ,” ಅಂದ.

ಅಂಗೇನಿಲ್ಲವಂತೆ. ವಿಮಲಮ್ಮ ನೋಡುತ್ತಲೇ ಇದ್ದಳು. ಒಂದು ಸಲವೂ ಹೊಸ್ತಿಲು ತುಳಿಯದವನಿಗೆ ಕ್ಷಮಾಪಣೆ ಸಿಕ್ಕಿತು. ಅವನು ದೊಡ್ಡಮನಸ್ಸು ಮಾಡಿ ಒಪ್ಪಿಕೊಂಡೂ ಆಯಿತು. ಗಂಡಸರ ಮುಖವೆಲ್ಲ ಒಮ್ಮೆಗೇ ಸಡಿಲವಾಗಿ, ಯಾರೋ ಫಾದರ್‌ಗೆ ಕೂರಲು ಪ್ಲಾಸ್ಟಿಕ್ ಕುರ್ಚಿ ತಂದರು. ಯಾರ ಕೈಗೆ ನೋವಾಗಿತ್ತೋ ಅವಳ ಮಾತು ಯಾರ ಬಾಯಿಗೂ ಬರಲಿಲ್ಲ.

“ಕುರ್ಚಿ ಆಮ್ಯಾಕೆ ಆಕಿರಂತೆ,” ಅಂದಳು. “ಹಾರೆ ಗುದ್ದಲಿ ತಗಳಿ.”

ದೊಡ್ಡಮಾದಯ್ಯ ತಲೆದೂಗಿದ. ಮೊದಲು ಹಾರೆ ಎತ್ತಿಕೊಂಡವನು ಕಾಂತರಾಜುವೇ.

ಮೈ ತೊಳೆಸಲು ಬೀದಿಯ ಹೆಂಗಸರು ಬಂದರು. ಇ‌ಷ್ಟು ದಿನ ದೂರದಿಂದ ಕತ್ತು ಚಾಚಿ ನೋಡುತ್ತಿದ್ದ ಭಾಗ್ಯಮ್ಮ ಒಲೆ ಹಚ್ಚಿ ನೀರು ಕಾಯಿಸಿದಳು. ಚಿಕ್ಕಬೀರಮ್ಮ ಹೊಸ ಸೀರೆ ತಂದಳು. ಎಲ್ಲ ಆದ ಮೇಲೆ ಅಂಗೈಯೊಳಗೆ ವೀಳ್ಯದೆಲೆ ಇಡಬೇಕೆಂದರೆ ಎಡಗೈ ಬಿಡಿಸಲು ಯಾರಿಂದಲೂ ಆಗಲಿಲ್ಲ. ಒಬ್ಬಳು ಹೆಬ್ಬೆರಳು ಎಳೆದಳು, ಇನ್ನೊಬ್ಬಳು ಮಣಿಕಟ್ಟು ಅದುಮಿದಳು.

“ಬಲಗೈಗೇ ಇಟ್ಬುಡಾನ,” ಅಂದಳು ಭಾಗ್ಯಮ್ಮ.

“ಬುಡಿ, ನಾನ್ ಬುಡುಸ್ತೀನಿ.”

ವಿಮಲಮ್ಮ ಬಿಸಿನೀರಿನ ಬಟ್ಟೆಯನ್ನು ಮುಷ್ಟಿಗೆ ಸುತ್ತಿ, ಮಗುವಿಗೆ ಶಾಖ ಕೊಡುವ ಹಾಗೆ ಹಿಡಿದು ಕೂತಳು. ಬಹಳ ಹೊತ್ತು ಕೂತಳು. ಆಮೇಲೆ ಕಿರುಬೆರಳಿಂದ ಶುರು ಮಾಡಿದಳು. ಈ ಸಲ ಅಯ್ಯೋ ಅನ್ನುವವರಿರಲಿಲ್ಲ. ಆದರೂ ಅಭ್ಯಾಸ ಬಲ, “ಆಯ್ತು ಕಣವ್ವ, ಆಯ್ತು, ಇನ್ನೊಂದೇ ಒಂದು,” ಎನ್ನುತ್ತಲೇ ಒಂದೊಂದನ್ನೂ ಬಿಡಿಸಿದಳು. ಒಳಗೆ ನಿನ್ನೆ ಬೆಳಿಗ್ಗೆ ತಾನೇ ಇಟ್ಟಿದ್ದ ಬಟ್ಟೆಯ ಸುರುಳಿ. ಅದನ್ನು ತೆಗೆದು ಪಕ್ಕಕ್ಕಿಟ್ಟಳು. ಚಿಕ್ಕಬೀರಮ್ಮ ಎಲೆ ಇಟ್ಟಳು.

ಹೊರಗೆ ತಂದು ಮಲಗಿಸಿದಾಗ ಗೂಡಿನ ಪೌಡರ್ ಡಬ್ಬಿ ವಿಮಲಮ್ಮನ ಕೈಯಲ್ಲಿತ್ತು. ಫಾದರ್ ಬೇಲಿಯ ಹತ್ತಿರ ಕೈ ಕಟ್ಟಿ ನಿಂತಿದ್ದರು. ಎಲ್ಲರೂ ನೋಡುತ್ತಿರುವಂತೆ ಅವಳು ಬಗ್ಗಿ, ಎಂದಿನ ಹಾಗೆ, ಆ ಬೋಳು ಹಣೆಗೆ ಮೂರು ಗೆರೆ ಎಳೆದಳು. ಕಾಂತರಾಜು ತಲೆ ತಗ್ಗಿಸಿದ.

ಆಗ ಗುಂಪಿನ ಹಿಂದಿನಿಂದ ಒಂದು ಕೈ ಮೇಲೆದ್ದಿತು. ಕೈಯಲ್ಲಿ ಫೋನು. ಚೌರಪ್ಪ ಯಾವಾಗಲೋ ಬಂದು ಸೇರಿಕೊಂಡಿದ್ದ.

“ಫಾದರ್, ಒಂಚೂರು ಮುಂದಕ್ಕೆ ಬನ್ನಿ. ಮಾದಯ್ಯನೋರ ಪಕ್ಕ. ಒಳ್ಳೇ ಚಿತ್ರ. ಎರಡೂ ಕಡೆಯೋರು ಒಟ್ಟಿಗವ್ರೆ, ಮುಂದಿನ ವರ್ಷಕ್ಕೆ…”

ಅವನ ಮಾತು ಮುಗಿಯಲಿಲ್ಲ. ಧೂಳ್ತ ಮೆತ್ತಿದ ಅಂಗೈಯಿಂದ ವಿಮಲಮ್ಮ ಫೋನನ್ನು ಪೂರಾ ಮುಚ್ಚಿ ಹಿಡಿದಿದ್ದಳು.

“ಇಳುಸಿ ಚೌರಪ್ಪಣ್ಣ.”

“ಅಲ್ಲಮ್ಮ, ಒಳ್ಳೇದಕ್ಕೇ…”

“ಇಳುಸು ಅಂದ್ನಲ್ಲ.”

ಇಳಿಸಿದ. ಗಾಜಿನ ಮೇಲೆ ಐದು ಬೆರಳಿನ ಬಿಳಿ ಗುರುತಿತ್ತು. ಪಂಚೆಯ ತುದಿಯಿಂದ ಅದನ್ನು ಒರೆಸಿಕೊಳ್ಳುತ್ತ ಹಿಂದಕ್ಕೆ ಸರಿದ.

ಮಸಾಣದ ಕತ್ತಾಳೆ ಬೇಲಿಯ ಬಳಿ ದೊಡ್ಡಮಾದಯ್ಯ ಹಿಂತಿರುಗಿ ನೋಡಿ, “ನೀನು ಇಲ್ಲೇ ನಿಂತ್ಕಳವ್ವ, ಬ್ಯಾರೆ ಏನಿಲ್ಲ, ನಮ್ ಪದ್ಧತಿ,” ಅಂದ. ಬೀದಿಯ ಹೆಂಗಸರೆಲ್ಲ ಒಳಗೆ ಹೋದರು. ವಿಮಲಮ್ಮನಿಗೆ ಬಾಯಿ ತುಂಬ ಮಾತಿತ್ತು. ಮುದುಕಿ ಆಗಲೇ ಗಂಡಸರ ಹೆಗಲ ಮೇಲಿದ್ದಳೆಂದು ಅದನ್ನು ನುಂಗಿಕೊಂಡಳು. ಬೇಲಿಯ ಈಚೆ ಅವಳು ಒಂದು ಕಡೆ ನಿಂತಳು. ಅಷ್ಟು ದೂರದಲ್ಲಿ ಫಾದರ್ ಇನ್ನೊಂದು ಕಡೆ. ಒಳಗಿನಿಂದ ಮಣ್ಣು ಬೀಳುವ ಸದ್ದು ಕೇಳಿಸುವವರೆಗೂ ನಿಂತಿದ್ದು, ಅವಳು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ತಿರುಗಿದಳು.

ಗುಡಿಸಲಿಗೆ ಹೋಗಿ ಗುಡಿಸಿದಳು. ಒಲೆಯ ಬೂದಿ ಎತ್ತಿ ಹಾಕಿದಳು. ಉಳಿದ ಶೀಟುಗಳನ್ನು ಬುಟ್ಟಿಗೆ ತುಂಬಿದಳು. ಬಟ್ಟೆಯ ಸುರುಳಿ ಇಟ್ಟ ಕಡೆಯೇ ಇತ್ತು. ಮನೆಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಪರೀಕ್ಷೆ ಮುಗಿಸಿ ಬಂದಿದ್ದ ಮಗಳು ತಾನೇ ಅನ್ನಕ್ಕಿಟ್ಟು, ಕುಕ್ಕರಿನ ಕೂಗಿಗೆ ಕಾಯುತ್ತ ಓದುತ್ತಿದ್ದಳು. ಅಮ್ಮನ ಮುಖ ನೋಡಿ ಎದ್ದು ಒಂದು ಲೋಟ ನೀರು ತಂದುಕೊಟ್ಟಳು.

ವಿಮಲಮ್ಮ ಹಿತ್ತಲ ಕಲ್ಲಿನ ಮೇಲೆ ಶೀಟುಗಳನ್ನೆಲ್ಲ ಕುಕ್ಕಿ ಒಗೆದು ಹಗ್ಗಕ್ಕೆ ಹರವಿದಳು. ಕಡೆಗೆ ಸುರುಳಿಯನ್ನೂ ಸೋಪು ಹಚ್ಚಿ ಒಗೆದಳು. ಬಿಚ್ಚಿ ಕೊಡವಿದರೂ ಅದು ತಾನಾಗಿಯೇ ಮತ್ತೆ ಸುತ್ತಿಕೊಂಡಿತು. ಒಂದು ಮಗ್ಗುಲಲ್ಲಿ ನಾಲ್ಕು ಬೆರಳು ಕೂತ ತಗ್ಗು ಹಾಗೇ ಇತ್ತು. ಅವಳು ಅದನ್ನು ಶೀಟುಗಳ ಪಕ್ಕ ಹಗ್ಗದ ತುದಿಗೆ ಕ್ಲಿಪ್ಪು ಹಾಕಿ ಸಿಕ್ಕಿಸಿದಳು. ಹಿನ್ನೀರಿನ ಕಡೆಯಿಂದ ಸಂಜೆಯ ಗಾಳಿ ಎದ್ದು ಶೀಟುಗಳೆಲ್ಲ ಬುಸ್ಸೆಂದು ಉಬ್ಬಿ ಹಾರಾಡಿದವು. ತುದಿಯಲ್ಲಿದ್ದದ್ದು ಅಷ್ಟು ಗಾಳಿಗೂ ಬಿಚ್ಚಿಕೊಳ್ಳದೆ, ನೀರು ತೊಟ್ಟಿಕ್ಕಿಸುತ್ತ ತೂಗುತ್ತಿತ್ತು.